ಗಣಿಯ ಆಯುಷ್ಯ, ಕಸುಬಿನ ಆಯುಷ್ಯ: ಕುಶಲ ಕಾರ್ಮಿಕರನ್ನು ಕುರಿತು ಒಂದು ಸಂವಾದ

ಗಣಿಗಾರಿಕೆಗೆ ಕುಶಲ ಕಾರ್ಮಿಕರನ್ನು ಬರಮಾಡಿಕೊಳ್ಳುವುದು ಮತ್ತು ಬಂದವರನ್ನು ಉಳಿಸಿಕೊಳ್ಳುವುದು ಒಂದೇ ಸಮಸ್ಯೆಯ ಎರಡು ಮುಖಗಳೆಂದು ಭಾವಿಸುವ ರೂಢಿಯುಂಟು; ವೇತನವನ್ನು ಸಾಕಷ್ಟು ಏರಿಸಿದರೆ ಎರಡೂ ಒಟ್ಟಿಗೆ ಬಗೆಹರಿಯುತ್ತವೆ ಎಂಬುದು ಆ ರೂಢಿಯ ಹಿಂದಿರುವ ನಂಬಿಕೆ. ಲೋಹದ ಗಣಿಗಳ ಆಡಳಿತದಲ್ಲಿ ಅನುಭವವಿರುವ ಎಂಜಿನಿಯರರೊಬ್ಬರು ಮತ್ತು ಕಾರ್ಮಿಕ ಚರಿತ್ರೆಯನ್ನು ಬೋಧಿಸುವ ಅಧ್ಯಾಪಕಿಯೊಬ್ಬರ ನಡುವಣ ಈ ಸಂವಾದವು ಕೋಲಾರದ ಚಿನ್ನದ ಗಣಿಗಳ ಚರಿತ್ರೆಯನ್ನೂ ಇಂದಿನ ಹಟ್ಟಿ, ಬಳ್ಳಾರಿ ಪ್ರದೇಶಗಳ ಸ್ಥಿತಿಯನ್ನೂ ಮುಂದಿಟ್ಟುಕೊಂಡು ಆ ನಂಬಿಕೆಯನ್ನು ಪರಿಶೀಲಿಸುತ್ತದೆ.

ಎಂಜಿನಿಯರ್: ಮೊದಲಿಗೆ ಕುಶಲ ಕಾರ್ಮಿಕರೆಂದರೆ ಯಾರು ಎಂಬುದನ್ನು ಗೊತ್ತುಮಾಡಿಕೊಳ್ಳುವುದು ಒಳಿತು. ಬಂಡೆಗೆ ರಂಧ್ರ ಕೊರೆಯುವ ಯಂತ್ರ ನಡೆಸುವವರು, ಆ ರಂಧ್ರಗಳಿಗೆ ಸ್ಫೋಟಕ ತುಂಬಿ ಸಿಡಿಸುವ ಬ್ಲಾಸ್ಟರ್‌ಗಳು, ನೆಲದಡಿಗೆ ನೆಟ್ಟಗೆ ಇಳಿಯುವ ಶಾಫ್ಟ್ ಎಂಬ ಮುಖ್ಯ ದಾರಿಯಲ್ಲಿ ಜನರನ್ನೂ ಅದಿರನ್ನೂ ಏರಿಸಿ ಇಳಿಸುವ ವೈಂಡಿಂಗ್ ಎಂಜಿನ್ ಚಾಲಕರು, ಒಂದೊಂದು ಪಾಳಿಯ ಸುರಕ್ಷತೆಗೆ ಹೊಣೆಯಾದ ಮೇಟ್ ಮತ್ತು ಫೋರ್‌ಮನ್‌ಗಳು, ಸರ್ವೆಯರ್‌ಗಳು, ಭೂವಿಜ್ಞಾನಿಗಳು, ಇವರೆಲ್ಲರೂ ಈ ಮಾತಿನ ವ್ಯಾಪ್ತಿಗೆ ಬರುತ್ತಾರೆ. ಇವರಲ್ಲಿ ಹಲವರಿಗೆ ಧನಬಾದಿನಲ್ಲಿ ಕೇಂದ್ರ ಕಚೇರಿಯಿರುವ ಗಣಿ ಸುರಕ್ಷತಾ ಮಹಾನಿರ್ದೇಶನಾಲಯವು ಪರೀಕ್ಷೆ ನಡೆಸಿ ಕೊಡುವ ಸಾಮರ್ಥ್ಯ ಪ್ರಮಾಣಪತ್ರ ಕಡ್ಡಾಯವಾದುದರಿಂದ, ಒಬ್ಬ ಫೋರ್‌ಮನ್ ಬಿಟ್ಟುಹೋದ ಸ್ಥಾನಕ್ಕೆ ಮರುದಿನ ಯಾರನ್ನಾದರೂ ತಂದು ನಿಲ್ಲಿಸಲು ಬರುವುದಿಲ್ಲ.

ಅಧ್ಯಾಪಕಿ: ಪರೀಕ್ಷೆಗೆ ದಕ್ಕದ ಕೌಶಲವೊಂದೂ ಇದೆ. ಸಿಡಿತ ಮುಗಿದ ಮೇಲೆ ಒಳಹೋಗುವ ಅನುಭವಿ ಕಾರ್ಮಿಕ ಮೊದಲು ಹಾರೆಯಿಂದ ಮೇಲಿನ ಬಂಡೆಯನ್ನು ತಟ್ಟಿ, ಗಟ್ಟಿ ದನಿ ಬಂದರೆ ಬಂಡೆ ಭದ್ರವಾಗಿದೆಯೆಂದೂ ಟೊಳ್ಳು ದನಿ ಬಂದರೆ ಪದರ ಸಡಿಲಾಗಿದೆಯೆಂದೂ ತಿಳಿದು, ಸಡಿಲಾದುದನ್ನು ಕೆಡವಿದ ನಂತರವೇ ಉಳಿದವರನ್ನು ಮುಂದಕ್ಕೆ ಬಿಡುತ್ತಾನೆ. ಈ ಕಿವಿ ವರ್ಷಗಳ ದುಡಿಮೆಯಿಂದ, ಅದೂ ಆ ಗಣಿಯ ಆ ಬಂಡೆಯ ಒಡನಾಟದಿಂದ, ಬರುವಂಥದು. ಹಾಗಾಗಿ ಗಣಿಯ ಕೌಶಲದಲ್ಲಿ ಎಲ್ಲಿಗೆ ಹೋದರೂ ಬೆಲೆಯುಳ್ಳ ಭಾಗವೊಂದು, ಒಂದೇ ಸ್ಥಳಕ್ಕೆ ಅಂಟಿಕೊಂಡ ಭಾಗ ಇನ್ನೊಂದು. ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ 1964ರಲ್ಲಿ ಪ್ರಕಟಿಸಿದ ಮಾನವ ಬಂಡವಾಳವನ್ನು ಕುರಿತ ಗ್ರಂಥದಲ್ಲಿ ಇವೆರಡನ್ನು ಸಾಮಾನ್ಯ ತರಬೇತಿ ಮತ್ತು ವಿಶಿಷ್ಟ ತರಬೇತಿ ಎಂದು ಬೇರ್ಪಡಿಸಿ, ಸಾಮಾನ್ಯ ತರಬೇತಿಯ ವೆಚ್ಚವನ್ನು ಮಾಲೀಕರು ಭರಿಸಲು ಹಿಂಜರಿಯುತ್ತಾರೆ, ಏಕೆಂದರೆ ಅದರ ಫಲವನ್ನು ಕಾರ್ಮಿಕ ಬೇರೊಬ್ಬ ಮಾಲೀಕನ ಬಳಿಗೆ ಒಯ್ಯಬಲ್ಲ, ಎಂದು ವಾದಿಸಿದ್ದಾರೆ.

ಎಂಜಿನಿಯರ್: ಆ ಹಿಂಜರಿಕೆಗೆ ಸಕಾರಣವಿದೆ. ಹಣ ಸುರಿದು ತಯಾರು ಮಾಡಿದ ಆಪರೇಟರ್ ಆರು ತಿಂಗಳಲ್ಲಿ ಪಕ್ಕದ ಗಣಿಗೋ ಸುರಂಗ ರಸ್ತೆಯ ಕಾಮಗಾರಿಗೋ ಹೋದರೆ, ಮುಂದಿನವನಿಗೆ ತರಬೇತಿ ಕೊಡುವ ಉತ್ಸಾಹ ಯಾವ ಕಂಪನಿಗೂ ಉಳಿಯುವುದಿಲ್ಲ. ಗಣಿಗಳು ಊರಿನಿಂದ ದೂರ, ಬಿಸಿಲು, ಧೂಳು, ಅಪಾಯ. ಇವೆಲ್ಲವನ್ನೂ ತೂಗಿನೋಡುವ ಯುವಕ ಬೆಂಗಳೂರಿನ ಹವಾನಿಯಂತ್ರಿತ ಕಚೇರಿಯನ್ನು ಆಯ್ದುಕೊಂಡರೆ ತಪ್ಪೇನು? ಅವನನ್ನು ಹಟ್ಟಿಗೋ ಸಂಡೂರಿಗೋ ಕರೆತರಬಲ್ಲದ್ದು ಹೆಚ್ಚಿನ ಸಂಬಳವೊಂದೇ.

ಅಧ್ಯಾಪಕಿ: ಕರೆತರುವ ಮಟ್ಟಿಗೆ ಆ ಮಾತು ನಿಜ. ಉಳಿಸಿಕೊಳ್ಳುವ ಮಟ್ಟಿಗೆ ಅದೆಷ್ಟು ನಿಜ ಎಂಬುದಕ್ಕೆ ಕೋಲಾರದ ಚಿನ್ನದ ಗಣಿ ಪ್ರದೇಶ, ಅಂದರೆ ಕೆ.ಜಿ.ಎಫ್., ಒಳ್ಳೆಯ ಪರೀಕ್ಷೆ. 1880ರ ದಶಕದಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಅಲ್ಲಿನ ಗಣಿಗಳ ಆಡಳಿತವನ್ನು ನಡೆಸತೊಡಗಿದಾಗ ಆಳದ ಗಣಿಗಾರಿಕೆಯನ್ನು ಬಲ್ಲವರು ಸುತ್ತಮುತ್ತ ಇರಲಿಲ್ಲ. ಅಂಥವರು ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದಿಂದ ಬಂದರು. ಅವರು ಸಿಕ್ಕಿದ್ದಾದರೂ ಹೇಗೆ? 1860ರ ದಶಕದಲ್ಲಿ ತಾಮ್ರದ ಬೆಲೆ ಕುಸಿದು ಕಾರ್ನ್‌ವಾಲಿನ ಗಣಿಗಳು ಒಂದೊಂದಾಗಿ ಮುಚ್ಚುತ್ತಿದ್ದುದರಿಂದ ಅಲ್ಲಿನ ಗಣಿಗರು ದಕ್ಷಿಣ ಆಸ್ಟ್ರೇಲಿಯ, ಮೆಕ್ಸಿಕೊ, ಅಮೆರಿಕದ ಮಿಷಿಗನ್, ದಕ್ಷಿಣ ಆಫ್ರಿಕ, ಹೀಗೆ ಬಂಡೆ ಇರುವೆಡೆಗೆಲ್ಲ ಹೋಗುತ್ತಿದ್ದರು. ತವರಿನ ಗಣಿ ಮುಚ್ಚಿದರೂ ಅವರ ಕಸುಬಿಗೆ ಜಗತ್ತಿನ ಎಲ್ಲೆಡೆ ಮನ್ನಣೆಯಿತ್ತು. ಆ ಮನ್ನಣೆಯೇ ಕೆ.ಜಿ.ಎಫ್.ಗೆ ಅದರ ಮೊದಲ ತಲೆಮಾರಿನ ಕುಶಲಿಗರನ್ನು ಒದಗಿಸಿತು.

ಎಂಜಿನಿಯರ್: ಅವರಿಗೆ ಕೊಟ್ಟ ಸವಲತ್ತುಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬಂಗಲೆ, ಕ್ಲಬ್ಬು, ಆಸ್ಪತ್ರೆ, 1894ರ ಹೊತ್ತಿಗೆ ಬೌರಿಂಗ್‌ಪೇಟೆಯಿಂದ ಮಾರಿಕುಪ್ಪಂವರೆಗೆ ರೈಲು, ಬೇತಮಂಗಲದಿಂದ ನೀರು, 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ದೂರ ತಂತಿ ಎಳೆದು ತಂದ ವಿದ್ಯುತ್ತು. ಬೆಂಗಳೂರಿನ ಬೀದಿಗಳಿಗೂ ವಿದ್ಯುದ್ದೀಪ ಬರುವ ಮೊದಲೇ ಗಣಿ ಊರು ಅದನ್ನು ಕಂಡಿತು. ಒಳ್ಳೆಯ ಊರು ಕಟ್ಟಿದರೆ ಜನ ನಿಲ್ಲುತ್ತಾರೆ ಎಂಬುದನ್ನೇ ಅಲ್ಲವೇ ಇದು ತೋರಿಸುವುದು?

ಅಧ್ಯಾಪಕಿ: ವಿದ್ಯುತ್ತು ಬಂದದ್ದು ಮುಖ್ಯವಾಗಿ ಯಂತ್ರಗಳಿಗಾಗಿ, ಬಂಗಲೆಗಳಿದ್ದುದು ಐರೋಪ್ಯರಿಗಾಗಿ. ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಗಳಿಂದ ಬಂದ ತಮಿಳು, ತೆಲುಗು ಕಾರ್ಮಿಕರು, ಅವರಲ್ಲೂ ಬಹುಸಂಖ್ಯೆಯ ದಲಿತರು, ಬಾಳಿದ್ದು ಲೈನ್ ಎಂದು ಕರೆಯಲಾಗುತ್ತಿದ್ದ ಸಾಲು ಕೋಣೆಗಳಲ್ಲಿ. ಅವರಲ್ಲಿ ಅನೇಕರ ನೇಮಕ ಗುತ್ತಿಗೆದಾರರ, ಮೇಸ್ತ್ರಿಗಳ ಮೂಲಕ ನಡೆಯುತ್ತಿತ್ತು. ಇಲ್ಲಿ ಉಳಿಸಿಕೊಳ್ಳುವ ಎರಡು ಬೇರೆ ಬೇರೆ ನೀತಿಗಳನ್ನು ಗುರುತಿಸಬಹುದು: ಬಿಟ್ಟುಹೋಗಬಲ್ಲವರನ್ನು ಸವಲತ್ತಿನಿಂದ ಒಲಿಸಿಕೊಂಡದ್ದು ಒಂದು, ಹೋಗಲು ದಾರಿಯಿಲ್ಲದವರನ್ನು ದಾಖಲೆ ಮತ್ತು ಶಿಸ್ತಿನಿಂದ ಹಿಡಿದಿಟ್ಟದ್ದು ಇನ್ನೊಂದು. 1930ರಲ್ಲಿ ಕಂಪನಿಗಳು ಪ್ರತಿಯೊಬ್ಬರ ಬೆರಳಚ್ಚು ಪಡೆದು ನೋಂದಾಯಿಸುವ ಕ್ರಮವನ್ನು ತರಹೊರಟಾಗ, ಒಂದು ಗಣಿಯಲ್ಲಿ ಹೊರಹಾಕಿಸಿಕೊಂಡವನಿಗೆ ಇನ್ನೊಂದು ಗಣಿಯ ಬಾಗಿಲೂ ಮುಚ್ಚುತ್ತದೆ ಎಂದರಿತ ಕಾರ್ಮಿಕರು ದೊಡ್ಡ ಮುಷ್ಕರ ಹೂಡಿದರು. ಕಸುಬನ್ನು ತನ್ನೊಡನೆ ಒಯ್ಯುವ ಸ್ವಾತಂತ್ರ್ಯಕ್ಕಾಗಿ ನಡೆದ ಹೋರಾಟವೆಂದು ಅದನ್ನು ಓದಲು ಅವಕಾಶವಿದೆ.

ಎಂಜಿನಿಯರ್: ಆದರೂ ಆ ಕಾರ್ಮಿಕರು ತಲೆಮಾರುಗಟ್ಟಲೆ ಅಲ್ಲೇ ಉಳಿದರು, ತಂದೆಯ ಕೆಲಸ ಮಗನಿಗೆ ಬಂದಿತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೊಮೀಟರಿಗೂ ಹೆಚ್ಚು ಆಳಕ್ಕಿಳಿದು ಜಗತ್ತಿನ ಅತಿ ಆಳದ ಗಣಿಗಳ ಸಾಲಿಗೆ ಸೇರಿತು. ಅಷ್ಟು ಆಳದಲ್ಲಿ ಬಂಡೆಯ ಮೇಲಿನ ಒತ್ತಡ ಹಠಾತ್ತನೆ ಬಿಡುಗಡೆಯಾಗಿ ಕಲ್ಲು ತಾನಾಗಿ ಸಿಡಿಯುವ ರಾಕ್ ಬರ್ಸ್ಟ್ ಎಂಬ ವಿದ್ಯಮಾನವನ್ನು ಎದುರಿಸಿ ಕೆಲಸ ಮಾಡಬಲ್ಲವರು ದೇಶದಲ್ಲಿ ಬೇರೆಲ್ಲೂ ಇರಲಿಲ್ಲ. ಉಳಿಕೆಯ ದೃಷ್ಟಿಯಿಂದ ಇದನ್ನು ಯಶಸ್ಸೆಂದೇ ಕರೆಯಬೇಕಾಗುತ್ತದೆ.

ಅಧ್ಯಾಪಕಿ: ಆ ಯಶಸ್ಸಿನ ಬೆಲೆ 2001ರಲ್ಲಿ ತಿಳಿಯಿತು. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು, 1962ರಲ್ಲಿ ಅವು ಕೇಂದ್ರಕ್ಕೆ ಹೋದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ರೂಪುಗೊಂಡಿತು. ಅಷ್ಟರಲ್ಲಿ ಒಂದು ಟನ್ ಅದಿರಿನಲ್ಲಿ ಸಿಗುವ ಚಿನ್ನ ಹಿಂದಿನ ಹತ್ತರಲ್ಲೊಂದು ಪಾಲಿನತ್ತ ಕುಸಿಯುತ್ತ ಬಂದಿತ್ತು. 1990ರ ದಶಕದಲ್ಲಿ ಕಂಪನಿಯು ರೋಗಗ್ರಸ್ತ ಉದ್ಯಮಗಳ ಮಂಡಳಿಯ ಮುಂದಿತ್ತು. ಇಂದು ಮುಚ್ಚೀತೇ, ನಾಳೆ ಮುಚ್ಚೀತೇ ಎಂಬ ವದಂತಿಗಳ ನಡುವೆಯೇ ಜನ ಪಾಳಿಗೆ ಇಳಿಯುತ್ತಿದ್ದರು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದಾಗ, ಮೂರು ಕಿಲೊಮೀಟರ್ ಆಳದ ಬಂಡೆಯನ್ನು ಅರಿತ ಕೈಗಳಿಗೆ ಮಾರುಕಟ್ಟೆಯಲ್ಲಿ ಹೆಸರೇ ಇರಲಿಲ್ಲ. ಮಾರಿಕುಪ್ಪಂನಿಂದ ಬೆಳಗಿನ ರೈಲು ಹಿಡಿದು ಸುಮಾರು 100 ಕಿ.ಮೀ. ದೂರದ ಬೆಂಗಳೂರಿಗೆ ದಿನಗೆಲಸಕ್ಕೆ ಹೋಗಿಬರುವ ಬದುಕು ಆ ಊರಿನದಾಯಿತು. ಉಳಿಕೆಯ ಲೆಕ್ಕ ಹಾಕುವಾಗ ಈ ಕೊನೆಯ ಪುಟವನ್ನೂ ಸೇರಿಸಬೇಕು, ಏಕೆಂದರೆ ಮುಂದಿನ ಗಣಿಗೆ ಸೇರಬೇಕೇ ಎಂದು ಯೋಚಿಸುವ ಯುವಕ ಓದುವುದು ಆ ಪುಟವನ್ನೇ.

ಎಂಜಿನಿಯರ್: ಅಂದರೆ ಕೊರತೆಯ ಮೂಲ ಇಂದಿನ ಸಂಬಳದಲ್ಲಿಲ್ಲ, ನಿನ್ನೆಯ ಮುಚ್ಚುವಿಕೆಯ ನೆನಪಿನಲ್ಲಿದೆ ಎಂಬುದು ವಾದ. ಇದನ್ನು ಭಾಗಶಃ ಒಪ್ಪಬಹುದು. 2005ರ ಕೊನೆಗೆ ಸುಪ್ರೀಂ ಕೋರ್ಟಿನ ಆದೇಶದಂತೆ ಕುದುರೆಮುಖದ ಕಬ್ಬಿಣದ ಗಣಿ ನಿಂತಿತು. 2011ರಲ್ಲಿ ಅಕ್ರಮ ಗಣಿಗಾರಿಕೆಯ ಕಾರಣದಿಂದ ಅದೇ ನ್ಯಾಯಾಲಯ ಬಳ್ಳಾರಿಯ ಗಣಿಗಾರಿಕೆಯನ್ನು ತಡೆಹಿಡಿದಾಗ, ಅಕ್ರಮದಲ್ಲಿ ಪಾಲಿಲ್ಲದ ಚಾಲಕ, ಫಿಟ್ಟರ್, ಬ್ಲಾಸ್ಟರ್‌ಗಳೂ ಕೆಲಸವಿಲ್ಲದೆ ಕೂರಬೇಕಾಯಿತು. ಇಂಥ ಅನಿಶ್ಚಯದ ನಡುವೆ ಶಾಶ್ವತ ಊರನ್ನು ಕಟ್ಟುವುದಕ್ಕಿಂತ ಪಶ್ಚಿಮ ಆಸ್ಟ್ರೇಲಿಯದ ಮಾದರಿ ಲೇಸೆಂದು ತೋರುತ್ತದೆ. ಅಲ್ಲಿನ ಪಿಲ್ಬಾರ ಪ್ರದೇಶದ ಕಬ್ಬಿಣದ ಗಣಿಗಳಿಗೆ ಕಾರ್ಮಿಕರು ವಿಮಾನದಲ್ಲಿ ಬಂದು, ಎರಡು ವಾರವೋ ಮೂರು ವಾರವೋ ಶಿಬಿರದಲ್ಲಿದ್ದು ದುಡಿದು, ಒಂದು ವಾರ ತಮ್ಮ ನಗರದ ಮನೆಗೆ ಮರಳುತ್ತಾರೆ. ಗಣಿ ಮುಚ್ಚಿದರೂ ಅವರ ಮನೆ, ಮಕ್ಕಳ ಶಾಲೆ ಯಾವುದೂ ಅಲುಗುವುದಿಲ್ಲ.

ಅಧ್ಯಾಪಕಿ: ಆ ಮಾದರಿಯ ಲಾಭವನ್ನು ಅಲ್ಲಗಳೆಯಲಾಗದು, ಅದರ ವೆಚ್ಚವನ್ನು ಮಾತ್ರ ಮರೆಯಬಾರದು. ಶಿಬಿರದ ಒಂಟಿತನ, ಹನ್ನೆರಡು ಗಂಟೆಯ ಪಾಳಿ, ಕುಟುಂಬದಿಂದ ಪದೇಪದೇ ಅಗಲುವಿಕೆ ಇವು ಮನಸ್ಸಿನ ಆರೋಗ್ಯದ ಮೇಲೆ ಬೀರುವ ಪರಿಣಾಮವನ್ನು ಪಶ್ಚಿಮ ಆಸ್ಟ್ರೇಲಿಯದ ಶಾಸನಸಭೆಯ ಸಮಿತಿಯೊಂದು ವಿಚಾರಿಸಿ 2015ರಲ್ಲಿ ವರದಿ ಸಲ್ಲಿಸಬೇಕಾಯಿತು. ದಕ್ಷಿಣ ಆಫ್ರಿಕದ ಚರಿತ್ರೆಯಂತೂ ಇನ್ನೂ ಕಠೋರವಾದುದು: 1880ರ ದಶಕದಲ್ಲಿ ಕಿಂಬರ್ಲಿಯ ವಜ್ರದ ಗಣಿಗಳಲ್ಲಿ ಆರಂಭವಾದ ಕಾಂಪೌಂಡ್ ಪದ್ಧತಿಯಲ್ಲಿ ಕರಿಯ ಕಾರ್ಮಿಕರನ್ನು ಒಪ್ಪಂದದ ಅವಧಿ ಮುಗಿಯುವವರೆಗೂ ಬೇಲಿಯೊಳಗಿನ ವಸತಿಯಲ್ಲಿ, ಕುಟುಂಬವಿಲ್ಲದೆ ಇರಿಸಲಾಗುತ್ತಿತ್ತು. ಇಂದಿನ ಶಿಬಿರವನ್ನು ಅದಕ್ಕೆ ಸಮೀಕರಿಸುವುದು ಅನ್ಯಾಯವಾದೀತು; ಆದರೂ ಕಾರ್ಮಿಕನನ್ನು ಅವನ ಸಂಸಾರದಿಂದ ಬೇರ್ಪಡಿಸಿ ಕೇವಲ ದುಡಿಮೆಯಾಗಿ ಎಣಿಸಿದಾಗ ಬಿಟ್ಟುಹೋಗುವವರ ಸಂಖ್ಯೆ ಏರುತ್ತದೆ ಎಂಬ ಪಾಠ ಎರಡರಲ್ಲೂ ಇದೆ. ಗಣಿ ಕುಟುಂಬ ಮೊದಲು ಕೇಳುವುದು ಮಕ್ಕಳ ಶಾಲೆಯನ್ನು, ಆಮೇಲೆ ಆಸ್ಪತ್ರೆಯನ್ನು.

ಎಂಜಿನಿಯರ್: ಯಂತ್ರಗಳೇ ಈ ತೊಡಕನ್ನು ಬಿಡಿಸಬಹುದಲ್ಲವೇ? ಪಿಲ್ಬಾರದಲ್ಲಿ ಚಾಲಕರಿಲ್ಲದ ಲಾರಿಗಳು ಓಡುತ್ತಿವೆ. ರಿಯೊ ಟಿಂಟೊ ಕಂಪನಿ ಅಲ್ಲಿನ ಗಣಿಗಳ ಕಾರ್ಯಾಚರಣೆಯನ್ನು ಸುಮಾರು 1,500 ಕಿ.ಮೀ. ದೂರದ ಪರ್ತ್ ನಗರದ ಕೇಂದ್ರದಿಂದ ನಿಯಂತ್ರಿಸುತ್ತದೆ.

ಅಧ್ಯಾಪಕಿ: ತೆರೆದ ಗಣಿಯ ಅಗಲ ರಸ್ತೆಗೆ ಒಗ್ಗುವುದೆಲ್ಲ ಹಟ್ಟಿಯಂಥ ನೆಲದಡಿಯ ಗಣಿಯ ಕಿರಿದಾದ ಅದಿರಿನ ಪಟ್ಟಿಗೆ ಒಗ್ಗುವುದಿಲ್ಲ. ಒಗ್ಗಿದರೂ, ಲಾರಿ ನಡೆಸುವವನ ಜಾಗಕ್ಕೆ ಸಂವೇದಕಗಳನ್ನೂ ಹೈಡ್ರಾಲಿಕ್ಸನ್ನೂ ಬಲ್ಲ ತಂತ್ರಜ್ಞ ಬೇಕಾಗುತ್ತಾನೆ, ಅವನಿಗೆ ಗಣಿಯ ಹೊರಗೂ ಬೇಡಿಕೆಯಿರುತ್ತದೆ. ಯಂತ್ರೀಕರಣದಿಂದ ತಲೆಗಳ ಸಂಖ್ಯೆ ಕಡಿಮೆಯಾದೀತು, ಪ್ರತಿಯೊಂದು ತಲೆಯನ್ನು ಉಳಿಸಿಕೊಳ್ಳುವ ಕಷ್ಟ ಹೆಚ್ಚಾದೀತು. ಇನ್ನೊಂದು ಬದಲಾವಣೆಗೆ ಯಂತ್ರ ದಾರಿ ತೆರೆದಿದೆ: ತೋಳ್ಬಲದ ಹೆಸರಿನಲ್ಲಿ ಮಹಿಳೆಯರನ್ನು ಹೊರಗಿಡುವ ವಾದ ಈಗ ನಿಲ್ಲುವುದಿಲ್ಲ.

ಎಂಜಿನಿಯರ್: ಕಾನೂನು ಅಲ್ಲಿಗೆ ನಿಧಾನವಾಗಿ ತಲುಪಿತು. 1952ರ ಗಣಿ ಕಾಯಿದೆಯ 46ನೆಯ ಪ್ರಕರಣ ಮಹಿಳೆಯರನ್ನು ನೆಲದಡಿಯ ಕೆಲಸಕ್ಕೆ ನೇಮಿಸುವುದನ್ನು ನಿಷೇಧಿಸಿತ್ತು. 2019ರ ಅಧಿಸೂಚನೆಯು ಬೆಳಗಿನ ಆರರಿಂದ ಸಂಜೆಯ ಏಳರವರೆಗೆ, ಅವರ ಲಿಖಿತ ಒಪ್ಪಿಗೆಯೊಂದಿಗೆ, ತಾಂತ್ರಿಕ, ಮೇಲ್ವಿಚಾರಣೆ ಮತ್ತು ಆಡಳಿತದ ಕೆಲಸಗಳಿಗೆ ಮಾತ್ರ ಅವಕಾಶ ಕೊಟ್ಟಿತು. ಅದೂ ಒಳಗೆ ಸತತವಾಗಿ ಇರಬೇಕಾಗಿಲ್ಲದ ಹುದ್ದೆಗಳಿಗೆ. ಎಲ್ಲ ಬಗೆಯ ಕೆಲಸಕ್ಕೂ ಮಹಿಳೆಯರು ಅರ್ಹರು ಎಂಬ ತತ್ತ್ವವನ್ನು 2020ರ ವೃತ್ತಿ ಸುರಕ್ಷತಾ ಸಂಹಿತೆ ಅಂಗೀಕರಿಸಿದೆ. ಕುಶಲರ ಕೊರತೆಯನ್ನು ಹೇಳಿಕೊಳ್ಳುವ ಉದ್ಯಮ ಅಷ್ಟು ದೀರ್ಘಕಾಲ ಜನಸಂಖ್ಯೆಯ ಅರ್ಧ ಭಾಗದತ್ತ ನೋಡದೆ ಇದ್ದುದು ವಿಚಿತ್ರವೇ ಸರಿ. ಈಗಲೂ ಶೌಚಾಲಯ, ಬಟ್ಟೆ ಬದಲಿಸುವ ಕೋಣೆ, ಅಳತೆಗೆ ಸರಿಹೊಂದುವ ಬೂಟು ಮತ್ತು ಬೆಲ್ಟು ಇಲ್ಲದೆ ಕಾನೂನಿನ ಅನುಮತಿಯೊಂದರಿಂದ ಯಾರೂ ಬರುವುದಿಲ್ಲ. ಇರಲಿ, ಮೂಲ ಪ್ರಶ್ನೆಗೆ ಮರಳೋಣ. ಕಸುಬನ್ನು ಹೊರಗೂ ಸಲ್ಲುವಂತೆ ಮಾಡಿದರೆ ಜನ ಉಳಿಯುತ್ತಾರೆ ಎಂಬುದು ಕಾರ್ನ್‌ವಾಲ್ ಮತ್ತು ಕೋಲಾರದ ಉದಾಹರಣೆಗಳಿಂದ ತಾವು ಸೂಚಿಸುವ ನಿಲುವು. ಹಕ್ಕಿಗೆ ರೆಕ್ಕೆ ಕೊಟ್ಟು ಪಂಜರದಲ್ಲೇ ಇರುತ್ತದೆ ಎಂದು ನಿರೀಕ್ಷಿಸಿದಂತಲ್ಲವೇ ಅದು?

ಅಧ್ಯಾಪಕಿ: ಮುಚ್ಚುವ ದಿನಾಂಕವಿರುವ ಸ್ಥಳಕ್ಕೆ ವಿವೇಕವುಳ್ಳವರು ಸೇರುವುದು ಅಲ್ಲಿಂದ ಮುಂದೆ ದಾರಿಯಿದೆ ಎಂಬ ಭರವಸೆಯಿದ್ದಾಗ ಮಾತ್ರ. ಗಣಿ ಮತ್ತು ಖನಿಜ (ಅಭಿವೃದ್ಧಿ ಮತ್ತು ನಿಯಂತ್ರಣ) ಕಾಯಿದೆಗೆ 2015ರಲ್ಲಿ ಆದ ತಿದ್ದುಪಡಿಯ ನಂತರ ಮುಖ್ಯ ಖನಿಜಗಳ ಗಣಿ ಗುತ್ತಿಗೆಯ ಅವಧಿ 50 ವರ್ಷ. ಕಾರ್ಮಿಕನ ದುಡಿಮೆಯ ಅವಧಿ 35 ವರ್ಷವೋ 40 ವರ್ಷವೋ. ಗುತ್ತಿಗೆಯ ಮೊದಲ ದಶಕದಲ್ಲಿ ಸೇರಿದವನಿಗೆ ಇದು ನಿಶ್ಚಿಂತೆಯ ಲೆಕ್ಕ, ಮೂವತ್ತನೆಯ ವರ್ಷ ಸೇರಿದವನಿಗೆ ಅಲ್ಲ. ಈ ಎರಡನೆಯವನಿಗೆ ಗಣಿ ಏನು ಹೇಳುತ್ತದೆ? ತೆರೆದ ಗಣಿಗೆ ಮಾತ್ರ ಸಲ್ಲುವ ನಿರ್ಬಂಧಿತ ಪ್ರಮಾಣಪತ್ರವುಳ್ಳ ಫೋರ್‌ಮನ್‌ಗೆ ನೆಲದಡಿಯ ಕೆಲಸಕ್ಕೂ ಸಲ್ಲುವ ಪ್ರಮಾಣಪತ್ರ ಪಡೆಯಲು ಅಗತ್ಯವಾದ ಅನುಭವವನ್ನು ಬೇರೊಂದು ಗಣಿಯಲ್ಲಿ ಒದಗಿಸುವ ಏರ್ಪಾಡು ಇದ್ದರೆ, ಹಾರೆಯ ದನಿಯಿಂದ ಬಂಡೆಯನ್ನು ಅರಿಯುವ ಹಿರಿಯನ ಜ್ಞಾನವನ್ನು ಪರೀಕ್ಷಿಸಿ ಬರಹದಲ್ಲಿ ಮಾನ್ಯಮಾಡುವ ಕ್ರಮವಿದ್ದರೆ, ಅವನು ಹೊರಡುವ ಆತುರವನ್ನು ಬಿಡುತ್ತಾನೆ. ತಪ್ಪಿಸಿಕೊಳ್ಳುವ ಅವಕಾಶ ಇಂದೇ, ನಾಳೆ ಇಲ್ಲ ಎಂಬ ಭಯವೇ ಅನೇಕರನ್ನು ಹೊರದೂಡುವುದು.

ಎಂಜಿನಿಯರ್: ಬೆಕರ್ ಎತ್ತಿದ ತೊಡಕು ಇನ್ನೂ ಹಾಗೆಯೇ ಉಳಿದಿದೆ. ಆ ತರಬೇತಿಗೆ ಹಣ ಕೊಡುವವರು ಯಾರು?

ಅಧ್ಯಾಪಕಿ: ಒಂದೊಂದು ಕಂಪನಿಯೂ ಒಂಟಿಯಾಗಿ ಕೊಡಬೇಕಾದಾಗ ಮಾತ್ರ ಅದು ತೊಡಕು, ಪ್ರದೇಶದ ಎಲ್ಲ ಗಣಿಗಳೂ ಕೂಡಿ ಕೊಟ್ಟರೆ, ಒಂದರಿಂದ ಇನ್ನೊಂದಕ್ಕೆ ಹೋದ ಕಾರ್ಮಿಕ ಯಾರಿಗೂ ನಷ್ಟವಲ್ಲ. ಅಂಥ ಕೂಡುನಿಧಿಯ ಚೌಕಟ್ಟು ಈಗಾಗಲೇ ಇದೆ. 2015ರ ತಿದ್ದುಪಡಿಯಿಂದ ಹುಟ್ಟಿದ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ, ಅಂದರೆ ಗಣಿಬಾಧಿತ ಜನರ ಹಿತಕ್ಕಾಗಿ ಜಿಲ್ಲೆಯಲ್ಲಿ ಸ್ಥಾಪಿತವಾದ ಟ್ರಸ್ಟಿಗೆ, ಹರಾಜಿನಿಂದ ಪಡೆದ ಗುತ್ತಿಗೆದಾರರು ರಾಜಧನದ ಶೇ. 10ರಷ್ಟನ್ನೂ ಹಳೆಯ ಗುತ್ತಿಗೆದಾರರು ಶೇ. 30ರಷ್ಟನ್ನೂ ಹೆಚ್ಚುವರಿಯಾಗಿ ಕೊಡಬೇಕು. ಕುಡಿಯುವ ನೀರು, ಆರೋಗ್ಯ, ಶಿಕ್ಷಣಗಳ ಜೊತೆಗೆ ಕೌಶಲಾಭಿವೃದ್ಧಿಯೂ ಅದರ ಆದ್ಯತೆಯ ಪಟ್ಟಿಯಲ್ಲಿದೆ. ಬಳ್ಳಾರಿ, ವಿಜಯನಗರ ಜಿಲ್ಲೆಗಳಲ್ಲಿ ಈ ಹಣದ ಒಂದು ಭಾಗ ಹೊಲಿಗೆ ಯಂತ್ರ, ಕಂಪ್ಯೂಟರ್ ಪಾಠಗಳ ಆಚೆಗೆ ಹೋಗಿ ಫಿಟ್ಟರ್, ಎಲೆಕ್ಟ್ರಿಷಿಯನ್, ಬ್ಲಾಸ್ಟರ್‌ಗಳ ಪರೀಕ್ಷಾ ಸಿದ್ಧತೆಗೆ ಸಂದರೆ, ಧೂಳು ಕುಡಿದ ಹಳ್ಳಿಯ ಮಕ್ಕಳೇ ಗಣಿಯ ಕುಶಲರಾಗುತ್ತಾರೆ. ಊರಿನವರೇ ಕುಶಲರಾದರೆ ಉಳಿಸಿಕೊಳ್ಳುವ ಕೆಲಸ ಅರ್ಧ ಮುಗಿದಂತೆಯೇ.

ಎಂಜಿನಿಯರ್: ಇದು ಕಾರ್ಯಸಾಧ್ಯವೆಂದು ಒಪ್ಪಬಹುದು, ಆದರೂ ಗಣಿಯ ಕೊನೆಯ ವರ್ಷಗಳ ಬಗ್ಗೆ ಆಡಳಿತದ ಅಂಜಿಕೆ ಬೇರೆಯೇ ಇದೆ. ಮುಚ್ಚುವ ದಿನವನ್ನು ಮೊದಲೇ ಸಾರಿದರೆ ಅತ್ಯುತ್ತಮರು ಮೊದಲು ಹೊರಡುತ್ತಾರೆ. ಅಂಥವರಿಲ್ಲದ ಗಣಿಯಲ್ಲಿ ಅಪಘಾತಗಳು ಹೆಚ್ಚುತ್ತವೆ.

ಅಧ್ಯಾಪಕಿ: ಸಾರದಿದ್ದರೂ ಅವರು ಹೊರಡುತ್ತಾರೆ, ಏಕೆಂದರೆ ಅದಿರಿನ ದರ್ಜೆ ಕುಸಿಯುವುದನ್ನು ಮೊದಲು ಕಾಣುವುದು ಅವರ ಕಣ್ಣೇ. ಕೆ.ಜಿ.ಎಫ್.ನ ಕೊನೆಯ ದಶಕದಲ್ಲಿ ಇದ್ದುದು ವದಂತಿ, ಇಲ್ಲದಿದ್ದುದು ದಿನಾಂಕ. ದಿನಾಂಕ ಗೊತ್ತಿದ್ದರೆ ಕೊನೆಯ ಪಾಳಿಯವರೆಗೆ ನಿಂತವರಿಗೆ ಸಲ್ಲುವ ವಿಶೇಷ ಮೊತ್ತವನ್ನು ಒಪ್ಪಂದದಲ್ಲಿ ಬರೆಯಬಹುದು, ಮುಂದಿನ ಉದ್ಯೋಗದ ತರಬೇತಿಯನ್ನು ಅದಕ್ಕೆ ತಕ್ಕಂತೆ ಹೊಂದಿಸಬಹುದು. 2003ರಿಂದ ಭಾರತದಲ್ಲಿ ಲೋಹದ ಗಣಿಗಳಿಗೆ ಮುಚ್ಚುವಿಕೆಯ ಯೋಜನೆ ಕಡ್ಡಾಯವಾಗಿದ್ದು, ಮುಚ್ಚುವುದರ ಆರ್ಥಿಕ ಪರಿಣಾಮವನ್ನೂ ಕೆಲಸ ಕಳೆದುಕೊಳ್ಳುವವರ ವಿಚಾರವನ್ನೂ ವಿವರಿಸುವ ಅಧ್ಯಾಯಕ್ಕೆ ಅದರಲ್ಲಿ ಜಾಗವಿದೆ. ಆ ಅಧ್ಯಾಯವನ್ನು ಬರೆಯುವುದು ಸಲಹೆಗಾರರು, ಓದುವುದು ಅಧಿಕಾರಿಗಳು. ಯಾರನ್ನು ಕುರಿತು ಬರೆಯಲಾಗಿದೆಯೋ ಅವರ ಕೈಗೆ ಅದು ತಲುಪುವಂತೆ ಮಾಡುವ ನಿಯಮ ಬೇಕು.

ಎಂಜಿನಿಯರ್: ಹಾಗಾದರೆ ಒಮ್ಮತ ಇಷ್ಟರ ಮಟ್ಟಿಗೆ ಆಗಿದೆ ಎನ್ನಬಹುದು. ಸಂಬಳ ಕಡಿಮೆಯಿರುವಲ್ಲಿ ಉಳಿದ ಯಾವ ಏರ್ಪಾಡೂ ಫಲ ಕೊಡುವುದಿಲ್ಲ ಎಂಬುದನ್ನು ತಾವು ನಿರಾಕರಿಸಿಲ್ಲ. ಸಂಬಳವೊಂದೇ ಸಾಲದು ಎಂಬುದನ್ನು ಕೋಲಾರದ ಚರಿತ್ರೆ ಒಪ್ಪಿಸುತ್ತದೆ. ನಿಧಿಯನ್ನು ಕೂಡಿ ಭರಿಸಲು ಪೈಪೋಟಿಯ ಕಂಪನಿಗಳು ಮನಸ್ಸು ಮಾಡುತ್ತವೆಯೇ ಎಂಬ ಸಂದೇಹ ಮಾತ್ರ ಉಳಿಯುತ್ತದೆ. ಕೆಲವು ವರ್ಷ ಕಾನೂನಿನ ಒತ್ತಾಯವಿಲ್ಲದೆ ಅದು ಆಗಲಾರದು.

ಅಧ್ಯಾಪಕಿ: ಒತ್ತಾಯಕ್ಕೆ ಮೊದಲು ಒಂದು ಸುಲಭದ ಹೆಜ್ಜೆಯಿದೆ, ಅದಕ್ಕೆ ಯಾರ ನಿಧಿಯೂ ಬೇಡ. ಹೊಸದಾಗಿ ಸೇರುವ ಪ್ರತಿಯೊಬ್ಬರ ನೇಮಕಾತಿ ಪತ್ರದಲ್ಲಿ ಸಂಬಳದ ಕೆಳಗಿನ ಸಾಲಿನಲ್ಲಿಯೇ ಗಣಿಯಲ್ಲಿ ಉಳಿದಿರುವ ಅದಿರು ಎಷ್ಟು ವರ್ಷಕ್ಕೆ ಸಾಕಾಗುತ್ತದೆಂದು ಅಂದಾಜಿಸಲಾಗಿದೆ, ಆ ಅವಧಿಯೊಳಗೆ ಅವರಿಗೆ ಯಾವ ಪ್ರಮಾಣಪತ್ರ ಪಡೆಯುವ ಅವಕಾಶವಿದೆ ಎಂಬ ಎರಡು ಸಂಗತಿಗಳನ್ನು ಬರೆದು, ಐದು ವರ್ಷಕ್ಕೊಮ್ಮೆ ಪರಿಷ್ಕರಿಸಿ ತಿಳಿಸಲಿ. ಅದನ್ನು ಓದಿ ಸೇರಿದವರು ಕಣ್ಣು ತೆರೆದು ಸೇರಿದವರಾಗಿರುತ್ತಾರೆ, ಅಂಥವರನ್ನು ಉಳಿಸಿಕೊಳ್ಳಲು ಬೇಕಾಗುವ ಶ್ರಮವೂ ಕಡಿಮೆ.